ಗೋಡೆ ಬರೆದ ನೀರು

ಅವಳು ನರ್ತಕಿ. ದೊಡ್ಡ ತಂಡವೊಂದರ ಹಿಂದಿನ ಸಾಲಿನಲ್ಲಿ ಶುರುಮಾಡಿ, ನಡುವಿಗೆ ಬಂದು, ಕೊನೆಗೆ ಇಡೀ ವೇದಿಕೆಯಲ್ಲಿ ಒಬ್ಬಳೇ ನಿಲ್ಲುವ ಮಟ್ಟಕ್ಕೆ ಏರಿದವಳು. ನಲವತ್ತರ ಹತ್ತಿರ ಬರುತ್ತಿದ್ದಾಗ ಒಂದು ಪ್ರದರ್ಶನದಲ್ಲಿ, ಜಿಗಿದು ಇಳಿದ ಬಲಗಾಲಿನ ಮಂಡಿ ಹಸಿ ಕಡ್ಡಿ ಮುರಿದ ಹಾಗೆ ಸದ್ದು ಮಾಡಿತು. ಸಂಗೀತ ಮುಗಿಯುವವರೆಗೂ ಎಡಗಾಲಿನ ಮೇಲೇ ಭಾರ ಹಾಕಿ ನಿಂತು, ನಗುನಗುತ್ತ ತಲೆಬಾಗಿ, ಪರದೆ ಬಿದ್ದ ಮೇಲೆ ಕುಸಿದಳು. ಆಮೇಲೆ ಯಾರಾದರೂ ವಿಚಾರಿಸಿದರೆ, ಎಲ್ಲರಿಗೂ ಗಂಡ ಕೈಕೊಡುತ್ತಾನೆ, ಗೆಳೆಯ ಕೈಕೊಡುತ್ತಾನೆ, ನನಗೆ ಮಂಡಿ ಕೈಕೊಟ್ಟಿತು ಎಂದು ಹೇಳಿ ಕೇಳಿದವರನ್ನೇ ನಗಿಸುತ್ತಿದ್ದಳು. ಅವಳಿಗೆ ಮದುವೆಯಾಗಿರಲಿಲ್ಲ.

ತನ್ನವರು ಎಂದು ಅವಳಿಗೆ ಇದ್ದವನು ತಮ್ಮ ಒಬ್ಬನೇ. ಅಮ್ಮ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಅಪ್ಪ ಅದಕ್ಕೂ ಮೊದಲೇ ಮನೆ ಬಿಟ್ಟು ಹೋಗಿದ್ದ. ತಂಡ ಊರೂರು ತಿರುಗುವಾಗ ಅವಳು ಅವನನ್ನೂ ಕಟ್ಟಿಕೊಂಡು ಹೋಗುತ್ತಿದ್ದಳು. ವೇದಿಕೆಯ ಹಿಂದೆ ಬಟ್ಟೆಯ ಪೆಟ್ಟಿಗೆಗಳ ಮೇಲೆ ಕೂತು ಪಾಠ ಓದುತ್ತ, ಬೇಸರವಾದರೆ ದೀಪ ಕಟ್ಟುವವರ ಬೆನ್ನು ಹಿಡಿದು ಓಡಾಡುತ್ತ ಅವನು ಬೆಳೆದ. ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿ, ಮತ್ತೆ ಸಿಕ್ಕಿಸಿ, ಕೆಲವನ್ನು ಸುಟ್ಟು 'ಬಲ್ಬು' ಎಂಬ ಹೆಸರು ಸಂಪಾದಿಸಿದ. ಅಂಗಡಿಗಳಿಗೆ, ಸಭಾಂಗಣಗಳಿಗೆ ಬೆಳಕಿನ ಗೋಡೆಗಳನ್ನು ಮಾಡಿಕೊಡುವ ಕೆಲಸ ಹಿಡಿದು, ಬೇರೆ ಮನೆ ಮಾಡಿ, ಕನ್ನಡಕ ಬಂದ ಮೇಲೂ ಆ ಹೆಸರು ಅವನನ್ನು ಬಿಡಲಿಲ್ಲ.

ಆಪರೇಷನ್ ಆದ ಮಂಡಿಗೆ ವ್ಯಾಯಾಮ ಮಾಡಿಸುವವರ ಕೋಣೆ ಒಂದು ಹಳೆಯ ಕಟ್ಟಡದ ಮಹಡಿಯ ಮೇಲಿತ್ತು. ಅದರ ಕೆಳಗೆ, ಮೆಟ್ಟಿಲಿನ ಪಕ್ಕದ ಕೋಣೆಯಲ್ಲಿ, ಚೀನಾದಿಂದ ಎಷ್ಟೋ ವರ್ಷಗಳ ಹಿಂದೆ ಬಂದು ನೆಲೆಸಿದ ಒಬ್ಬ ಮುದುಕರು ಕುಂಚದ ಬರವಣಿಗೆ ಕಲಿಸುತ್ತಿದ್ದರು. ಓಣಿಯವರಿಗೆಲ್ಲ ಅವರು ಮಸಿ ಮೇಷ್ಟ್ರು. ಅವಳು ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ಕೆಲವು ದಿನ ಸುಮ್ಮನೆ ನೋಡಿದ ಅವರು, ಒಂದು ದಿನ ಬಾಗಿಲಿಗೆ ಬಂದು, ಕೆಟ್ಟ ಕಾಲು ಮಾಡಿದ ತಪ್ಪಿಗೆ ಒಳ್ಳೆಯ ಕಾಲಿಗೆ ಯಾಕಮ್ಮ ಶಿಕ್ಷೆ ಕೊಡುತ್ತಿದ್ದೀಯ ಎಂದು ಕೇಳಿದರು. ಅವಳಿಗೆ ನಗು ಬಂತು. ಒಳಗೆ ಹೋಗಿ ಕೂತಳು. ಒದ್ದೆ ಕಲ್ಲಿನ ಮೇಲೆ ಮಸಿಕಡ್ಡಿ ತೇಯುವ ವಾಸನೆ, ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟ ತೆಳು ಕಾಗದಗಳು, ಕಿಟಕಿಯ ಕಟ್ಟೆಯ ಮೇಲೆ ತಲೆಕೆಳಗಾಗಿ ಒಣಗುತ್ತಿದ್ದ ಕುಂಚಗಳು. ಬಿದ್ದ ದಿನದಿಂದ ಅವಳ ಉಸಿರು ಸರಿಯಾಗಿ ಕೆಳಗಿಳಿದದ್ದು ಅಲ್ಲೇ ಮೊದಲು.

ಮೇಷ್ಟ್ರು ಬಹಳ ದಿನ ಅವಳ ಕೈಗೆ ಕುಂಚ ಕೊಡಲಿಲ್ಲ. ನಿಲ್ಲುವುದನ್ನು ಕಲಿಸಿದರು. ಬರೆಯುವುದು ಕೈಯಲ್ಲ, ಹಿಮ್ಮಡಿಯಿಂದ ಎದ್ದ ಭಾರ ಸೊಂಟ ದಾಟಿ, ಭುಜ ದಾಟಿ ಕುಂಚದ ತುದಿಗೆ ಇಳಿದರೆ ಅದೇ ಗೆರೆ ಎನ್ನುತ್ತಿದ್ದರು. ಇದು ಅವಳಿಗೆ ಬಿಡಿಸಿ ಹೇಳಬೇಕಾದ ಮಾತೇ ಆಗಿರಲಿಲ್ಲ. ಬರೆದ ಕಾಗದವನ್ನು ನೋಡಿಯೇ, ಬೆಳಿಗ್ಗೆ ಏನೂ ತಿಂದಿಲ್ಲ ಅಲ್ಲವೇ, ಯಾರ ಜೊತೆಯೋ ಜಗಳ ಆಡಿ ಬಂದಿದ್ದೀಯ ಅಲ್ಲವೇ ಎಂದು ಅವರು ಹೇಳಿಬಿಡುತ್ತಿದ್ದರು. ಕುಂಚ ಬಿರುಸಾಗಿ ಓಡಿದಾಗ ಮಸಿ ಸಾಲದೆ ಗೆರೆಯ ಒಳಗೆ ಬಿಳಿ ಎಳೆಗಳು ಉಳಿದುಬಿಡುತ್ತವಲ್ಲ, ಅದನ್ನು ಅವರು 'ಹಾರುವ ಬಿಳುಪು' ಎಂದು ಕರೆಯುತ್ತಿದ್ದರು. ಬೇಕೆಂದು ಮಾಡಿದರೆ ಅದು ಬರುವುದಿಲ್ಲ, ತಾನಾಗಿ ಬಂದರೆ ತಡೆಯಬಾರದು ಎಂಬುದು ಅವರ ಪಾಠ. ಅವಳಿಗೆ ಹೆಚ್ಚು ಒಲಿದದ್ದು 'ನೀರು' ಎಂಬ ಅರ್ಥದ ಚೀನೀ ಅಕ್ಷರ. ನಡುವೆ ನೆಟ್ಟಗೆ ಇಳಿದು ತುದಿಯಲ್ಲಿ ಸಣ್ಣ ಕೊಕ್ಕೆಯಾಗುವ ಗೆರೆ, ಅದರ ಎರಡೂ ಕಡೆ ತೋಳು ಚಾಚಿದ ಹಾಗೆ ಉಳಿದ ಗೆರೆಗಳು. ಮನೆಯಲ್ಲಿ ಕುಂಚವಿಲ್ಲದೆಯೂ ಅದನ್ನು ಗಾಳಿಯಲ್ಲಿ ಇಡೀ ಮೈಯಿಂದ ಬರೆಯುತ್ತಿದ್ದಳು.

ಅದನ್ನು ತಮ್ಮ ನೋಡಿದ. ಊಟಕ್ಕೆ ಬಂದವನು ತಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟ. ಆ ವಾರವೇ ಅವನ ತಲೆಯಲ್ಲಿ ಕೆಲಸ ಶುರುವಾಗಿತ್ತು.

ಮುಚ್ಚಿಹೋದ ಹೊಲಿಗೆ ಕಾರ್ಖಾನೆಯೊಂದರ ಮೇಲಿನ ಮಹಡಿಯನ್ನು ಅವನು ಹುಡುಕಿ ಹಿಡಿದ. ಎತ್ತರದ ಸೂರು, ಉದ್ದನೆಯ ಗೋಡೆ. ನೆಲದ ಹಲಗೆಗಳ ಸಂದಿನಲ್ಲಿ ಇನ್ನೂ ಬಣ್ಣಬಣ್ಣದ ದಾರದ ತುಣುಕುಗಳಿದ್ದವು. ಆಗಾಗ ಗುಂಡುಸೂಜಿ ಅವಳ ಅಂಗಾಲಿಗೆ ಚುಚ್ಚುತ್ತಿತ್ತು. ಗೋಡೆಗೆ ಬಿಳಿ ಬಳಿದು, ಅದರ ಮೇಲೆ ಚಿತ್ರ ಬೀಳಿಸುವ ಪ್ರೊಜೆಕ್ಟರ್ ಇಟ್ಟು, ಕ್ಯಾಮೆರಾಗಳನ್ನು ಮೂಲೆಗಳಲ್ಲಿ ನಿಲ್ಲಿಸಿ, ಕಾಲ ಕೆಳಗೆ ಭಾರ ಅಳೆಯುವ ಹಲಗೆಗಳನ್ನು ಹಾಸಿದ. ಅವಳು ಭಾರ ಹಾಕಿದಲ್ಲಿ ಗೋಡೆಯ ಮೇಲೆ ಗೆರೆ ದಪ್ಪವಾಗಬೇಕು, ಹಗುರಾದಲ್ಲಿ ಸಣ್ಣಗಾಗಬೇಕು, ವೇಗ ಹೆಚ್ಚಿದರೆ ಮಸಿ ಒಣಗಬೇಕು. ಮೊದಮೊದಲು ಗೋಡೆಯ ಮೇಲೆ ಮೂಡಿದ್ದು ಹಾವಿನಂಥ ಸೊಟ್ಟ ಗೆರೆಗಳು. ಅಕ್ಕ ತಮ್ಮ ಇಬ್ಬರೂ ನೆಲದ ಮೇಲೆ ಕೂತು ಬ್ರೆಡ್ಡು ತಿನ್ನುತ್ತ ಅವನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಹೀಗೆ ಎರಡು ವರ್ಷ ಕಳೆಯಿತು. ತಾನು ಮತ್ತೆ ಕುಣಿಯುತ್ತಿದ್ದೇನೆ ಎಂದು ಅವಳು ಯಾರಿಗೂ ಹೇಳಲಿಲ್ಲ, ಆದರೆ ಮನಸ್ಸಿಗೆ ಗೊತ್ತಿತ್ತು.

ಶುರುವಿನಲ್ಲೇ ಅವಳು ಅವನಿಂದ ಒಂದು ಮಾತು ತೆಗೆದುಕೊಂಡಿದ್ದಳು. ಮೈ ಮಾಡಿದ್ದನ್ನಷ್ಟೇ ಗೋಡೆ ಬರೆಯಬೇಕು. ಚೆನ್ನಾಗಿ ಕಾಣಲಿ ಎಂದು ಒಂದು ಕೂದಲೆಳೆಯಷ್ಟೂ ತಿದ್ದಬಾರದು. ಅವನು ಅವಳ ಅಂಗೈ ಮೇಲೆ ಕೈಯಿಟ್ಟು ಒಪ್ಪಿಕೊಂಡಿದ್ದ.

ಮಸಿ ಮೇಷ್ಟ್ರನ್ನು ಅವಳು ಒಂದು ಮಧ್ಯಾಹ್ನ ಅಲ್ಲಿಗೆ ಕರೆತಂದಳು. ಆಗ ಅವರಿಗೆ ಬಲಗೈ ನಡುಗಲು ಶುರುವಾಗಿತ್ತು. ಪಾಠ ಹೇಳುವುದನ್ನು ಕಡಿಮೆ ಮಾಡಿದ್ದರು. ಅವಳು 'ನೀರು' ಬರೆದು ತೋರಿಸಿದಳು. ಅವರು ತಲೆದೂಗಿ, ತಾವೂ ಹಲಗೆಯ ಮೇಲೆ ನಿಂತು ತೋಳೆತ್ತಿದರು. ಗೋಡೆಯ ಮೇಲೆ ನಡುಗುವ ಗೆರೆ ಮೂಡಿತು, ಕೆರೆಯಲ್ಲಿ ಕಂಡ ಕಂಬದ ನೆರಳಿನ ಹಾಗೆ. ಮುದುಕರು ಅದನ್ನೇ ನೋಡುತ್ತ, ಇದು ಸುಳ್ಳು ಹೇಳುವುದಿಲ್ಲ, ಪರವಾಗಿಲ್ಲ ಎಂದರು. ಅವರ ಬಾಯಲ್ಲಿ ಪರವಾಗಿಲ್ಲ ಎಂದರೆ ಬಹಳ ದೊಡ್ಡ ಮಾತು. ಆ ದಿನ ಅವಳ ತಮ್ಮ ಹೆಮ್ಮೆಯಿಂದ ವೈರುಗಳನ್ನು ಸುಮ್ಮನೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದ.

ಊರಿನ ದೊಡ್ಡ ಕಲಾಭವನ ಈ ಗೋಡೆಯನ್ನು ಪ್ರದರ್ಶನಕ್ಕೆ ಕೇಳಿತು. ಅಲ್ಲಿನ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಬಂದು ನೋಡಿ ಮೆಚ್ಚಿಕೊಂಡರು. ಬಂದವರೆಲ್ಲ ತಾವೇ ನಿಂತು ಬರೆಯುವಂತಿರಬೇಕು ಎಂಬುದೊಂದೇ ಅವರ ಬೇಡಿಕೆ. ಪರೀಕ್ಷೆಗೆಂದು ಕಲಾಭವನದ ಕೆಲಸದವರನ್ನೇ ಒಬ್ಬೊಬ್ಬರಾಗಿ ನಿಲ್ಲಿಸಿದರು. ಟಿಕೆಟ್ ಕೊಡುವವಳು ಬರೆದದ್ದು ಬಟ್ಟೆ ಒಣಹಾಕುವ ಹಗ್ಗದಂತಿತ್ತು. ದಪ್ಪ ಮೈಯ ಕಾವಲುಗಾರ ಕೈ ಬೀಸಿದರೆ ಗೋಡೆಯ ಮೇಲೆ ಎಮ್ಮೆ ಮಲಗಿತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಅವಳೂ ನಕ್ಕಳು. ಆ ಎಮ್ಮೆಯಲ್ಲಿ ಅವನು ಇದ್ದ, ಅವನ ದಿನವಿಡೀ ನಿಂತ ಕಾಲುಗಳಿದ್ದವು. ಮೇಲ್ವಿಚಾರಕಿ ನಗಲಿಲ್ಲ. ತಮ್ಮನೂ ನಗಲಿಲ್ಲ.

ಅದಾದ ಮೇಲೆ ಅವನು ಕೆಲಸವನ್ನು ಹೆಚ್ಚಾಗಿ ಒಬ್ಬನೇ ಮಾಡತೊಡಗಿದ. ಬರುತ್ತೇನೆ ಎಂದರೆ, ಬರೀ ವೈರು ಎಳೆಯುವ ಕೆಲಸ, ನೀನು ಬಂದು ಏನು ಮಾಡುತ್ತೀಯ ಅನ್ನುತ್ತಿದ್ದ. ಅಷ್ಟರಲ್ಲಿ ಅವಳ ಮಂಡಿಗೆ ಎರಡನೆಯ ಆಪರೇಷನ್ ಆಯಿತು. ಉದ್ಘಾಟನೆಯ ದಿನ ಅವಳು ಕಾಲು ಚಾಚಿ ಹಾಸಿಗೆಯಲ್ಲಿದ್ದಳು. ಭಾಷಣಗಳ ಹೊರತು ಏನೂ ಇರಲಿಲ್ಲ, ನೀನು ಬರದೆ ಬಚಾವಾದೆ ಎಂದು ಅವನು ಹೂವು ತಂದು ಕೊಟ್ಟ. ಜನ ಸಾಲುಗಟ್ಟಿ ಬರುತ್ತಿದ್ದಾರೆ ಎಂದೂ ಹೇಳಿದ. ಅವಳಿಗೆ ಕಣ್ಣು ತುಂಬಿ ಬಂತು. ತಾನು ಹೊತ್ತು ತಿರುಗಿದ ಹುಡುಗ ಇಷ್ಟು ದೂರ ಬಂದನಲ್ಲ ಎಂದುಕೊಂಡಳು.

ಕೋಲು ಹಿಡಿದು ನಡೆಯುವಂತಾದ ಕೂಡಲೇ ಅವಳು ಯಾರಿಗೂ ತಿಳಿಸದೆ, ಜನ ಕಡಿಮೆಯಿರುವ ಬೆಳಗಿನ ಹೊತ್ತು ನೋಡಿ, ಮಸಿ ಮೇಷ್ಟ್ರನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಕಲಾಭವನಕ್ಕೆ ಹೋದಳು. ಇಬ್ಬರ ಕೈಯಲ್ಲೂ ಕೋಲು. ಬಾಗಿಲ ಬಳಿ ದೊಡ್ಡ ಫಲಕದಲ್ಲಿ ಅವಳ ಹೆಸರು ಮೊದಲಿತ್ತು, ಅದರ ಕೆಳಗೆ ತಮ್ಮನದು. ಹೆಸರಿನ ವಿಷಯದಲ್ಲಿ ಅವನು ಕಿಂಚಿತ್ತೂ ಮೋಸ ಮಾಡಿರಲಿಲ್ಲ. ಮೇಷ್ಟ್ರು ಕೋಲಿನ ತುದಿಯಿಂದ ಅವಳ ಹೆಸರನ್ನು ತೋರಿಸಿ ನಕ್ಕರು.

ಒಳಗೆ ಕತ್ತಲು, ಎದುರಿಗೆ ಬೆಳಗುವ ಬಿಳಿ ಗೋಡೆ. ಹೆಗಲಿಗೆ ಭಾರದ ಚೀಲ ತೂಗುಹಾಕಿಕೊಂಡ ಒಬ್ಬ ಹೆಂಗಸು ಹಲಗೆಯ ಮೇಲೆ ನಿಂತು ಕೈ ಬೀಸಿದಳು. ಗೋಡೆಯ ಮೇಲೆ 'ಗಾಳಿ' ಎಂಬ ಅಕ್ಷರ ತುಂಬ ಚೆಲುವಾಗಿ ಮೂಡಿತು. ನೋಡುತ್ತಿದ್ದವರು ಆಹಾ ಎಂದರು. ಹಿಂದೆ ನಿಂತು ನೋಡುತ್ತಿದ್ದ ನರ್ತಕಿಗೂ ಒಂದು ಕ್ಷಣ ಖುಷಿಯಾಯಿತು. ಮರುಕ್ಷಣ ಏನೋ ಸರಿಯಿಲ್ಲ ಅನ್ನಿಸಿತು. ಅಷ್ಟು ಭಾರದ ಚೀಲ ಎಳೆಯುತ್ತಿದ್ದ ಭುಜದಿಂದ ಅಷ್ಟು ಹಗುರಾದ ಗೆರೆ ಹೇಗೆ ಬಂತು? ಆಮೇಲೆ ಕಂಕುಳಲ್ಲಿ ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಅಪ್ಪ ನಿಂತ. ಅವನ ಒಂದು ಕೈ ಮಾತ್ರ ಖಾಲಿ. ಅವನಿಗೂ ಅದೇ ಗಾಳಿ, ಅದೇ ಚೆಲುವು. ಅವಳು ಮೇಷ್ಟ್ರನ್ನು ಹಿಂದಕ್ಕೆ ಕರೆಯೋಣ ಎನ್ನುವಷ್ಟರಲ್ಲಿ ಅವರು ತಮ್ಮ ಕೋಲನ್ನು ಅವಳ ಕೈಗೆ ಕೊಟ್ಟು ಹಲಗೆ ಏರಿಬಿಟ್ಟಿದ್ದರು.

ಅವರು ಪಾದಗಳನ್ನು ಅಗಲಿಸಿ ನಿಂತರು. ಬಹಳ ಹೊತ್ತು ಏನೂ ಮಾಡಲಿಲ್ಲ. ಸಾಲಿನಲ್ಲಿ ಹಿಂದಿದ್ದವರು, ವಯಸ್ಸಾದವರಲ್ಲವೇ ಎಂದು ಕಾದರು. ಆಮೇಲೆ ನಡುಗುವ ಬಲಗೈಯನ್ನು ಮೆಲ್ಲನೆ ಎತ್ತಿ 'ನೀರು' ಬರೆಯತೊಡಗಿದರು. ಗೋಡೆಯ ಮೇಲೆ ನಡುವಿನ ಗೆರೆ ಕಲ್ಲಿನ ಕಂಬದಂತೆ ಇಳಿಯಿತು. ಎಲ್ಲೂ ನಡುಕವಿಲ್ಲ. ಮುಕ್ಕಾಲು ಭಾಗ ಇಳಿದ ಮೇಲೆ ಅದು ಇದ್ದಕ್ಕಿದ್ದಂತೆ ಮುರಿಯಿತು. ಮಸಿಯ ಒಳಗಿಂದ ಬಿಳುಪು ಹಾರಿತು. ಗೆರೆ ಪಕ್ಕಕ್ಕೆ ಕುಸಿದು, ತೆವಳಿ, ತುಂಬ ಕೆಳಗಿನಿಂದ ಕೊಕ್ಕೆಯಾಗಿ ಮೇಲೆದ್ದಿತು. ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಮೇಷ್ಟ್ರು ತಿರುಗಲಿಲ್ಲ. ಮತ್ತೆ ಕೈ ಎತ್ತಿದರು. ಈ ಸಲ ಅರ್ಧದಲ್ಲೇ ನಿಲ್ಲಿಸಿ ಕೈಯನ್ನು ಪಕ್ಕಕ್ಕೆ ಇಳಿಬಿಟ್ಟರು. ಗೋಡೆ ತಾನೇ ಬರೆದು ಮುಗಿಸಿತು. ಮತ್ತೆ ಚಪ್ಪಾಳೆ. ಅವರು ಹಲಗೆಯಿಂದ ಇಳಿದು ಅವಳ ಎದುರು ಬಂದು ನಿಂತರು.

"ಇದು ನನ್ನ ಕೈ ಅಲ್ಲ" ಎಂದರು. "ನಿಂದು. ನಿನ್ನ ಗೆರೆ ನಂಗೆ ಗೊತ್ತಾಗಲ್ವಾ? ಆದ್ರೆ ಇದನ್ನ ನೀನು ಒಂದು ಸಲಾನೂ ನಂಗೆ ತೋರಿಸಿಲ್ಲ."

ಅವಳು ಅದನ್ನು ಯಾರಿಗೂ ತೋರಿಸಿರಲಿಲ್ಲ. ಅದು ಯಾವಾಗಿನದು ಎಂದು ಅವಳಿಗೆ ಗೋಡೆಯ ಮೇಲೆ ಗೆರೆ ಮುರಿದ ಕೂಡಲೇ ತಿಳಿದಿತ್ತು.

ಹಿಂದಿನ ವರ್ಷ ಡಾಕ್ಟರು, ಎರಡನೆಯ ಆಪರೇಷನ್ ಆದರೂ ಇನ್ನು ವೇದಿಕೆಯ ಆಸೆ ಬಿಡಿ ಎಂದು ಸ್ಪಷ್ಟವಾಗಿ ಹೇಳಿದ ದಿನ ಅದು. ಆಸ್ಪತ್ರೆಯಿಂದ ಅವಳು ನೇರವಾಗಿ ಹೊಲಿಗೆ ಕಾರ್ಖಾನೆಯ ಮಹಡಿಗೆ ಹೋಗಿದ್ದಳು. ಎಲ್ಲ ಆರಿಸು, ನನ್ನನ್ನು ಸ್ವಲ್ಪ ಹೊತ್ತು ಒಬ್ಬಳನ್ನೇ ಬಿಡು ಎಂದು ತಮ್ಮನನ್ನು ಕೇಳಿದ್ದಳು. ಕ್ಯಾಮೆರಾಗಳ ಕೆಂಪು ದೀಪಗಳು ಒಂದೊಂದಾಗಿ ಆರಿದ್ದನ್ನು ನೋಡಿದ್ದಳು. ಅವನು ಕೆಳಗಿಳಿದು ಹೋದ. ಮೈ ಇನ್ನೂ ತನ್ನ ಮಾತು ಕೇಳುತ್ತದೆಯೇ ಎಂದಷ್ಟೇ ಅವಳಿಗೆ ನೋಡಬೇಕಿತ್ತು. ಖಾಲಿ ಗೋಡೆಯ ಎದುರು 'ನೀರು' ಬರೆಯಲು ಹೊರಟಳು. ನಡುವಿನ ಗೆರೆ ಇಳಿಯುವಾಗ ಮಂಡಿ ಸೋತು ಬಿದ್ದಳು. ಬಿದ್ದವಳು ನೆಲದ ಮೇಲೆ ತೆವಳುತ್ತಲೇ ಕೈ ಎತ್ತಿ ಕೊಕ್ಕೆಯನ್ನು ಮುಗಿಸಿದಳು. ಆಮೇಲೆ ಹಲಗೆಗೆ ಕೆನ್ನೆಯಿಟ್ಟು ಅತ್ತಳು. ಮುಖ ತೊಳೆದುಕೊಂಡು ಕೆಳಗಿಳಿದಾಗ ತಮ್ಮ ಬಾಗಿಲಲ್ಲಿ ನಿಂತಿದ್ದ. ಹೋಗೋಣವಾ ಎಂದು ಕೇಳಿದ್ದ, ಅಷ್ಟೇ.

ಈಗ ಕೈಯನ್ನು ನೆಟ್ಟಗೆ ಕೆಳಗಿಳಿಸಿದರೆ ಅದೇ ಗೆರೆ ಚೀಲದ ಹೆಂಗಸಿಗೂ ಸಿಗುತ್ತಿತ್ತು, ಮಗು ಹೊತ್ತವನಿಗೂ ಸಿಗುತ್ತಿತ್ತು. ಹಾಗೆ ಕೈ ಇಳಿಸಿದವರಿಗೆಲ್ಲ ಅವಳು ಬಿದ್ದು ತೋರಿಸುತ್ತಿದ್ದಳು.

ಹೊರಗೆ ಬರುವಾಗ ಮೇಷ್ಟ್ರು ಫಲಕದ ಮುಂದೆ ಮತ್ತೆ ನಿಂತರು. ಈ ಸಲ ಕೋಲೆತ್ತಲಿಲ್ಲ. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ತಮ್ಮ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಿದ್ದರು. ತಮ್ಮ ಕೋಣೆಯ ಬಾಗಿಲ ಬೀಗ ತೆಗೆದು, ಒಳಗೆ ಕಾಲಿಡುವ ಮೊದಲು ಕೇಳಿದರು:

"ಈ ಕೈ ನಡುಗುತ್ತೆ. ಆದ್ರೂ ನಂದು. ಅಷ್ಟು ಜನರ ಮುಂದೆ ಅದನ್ನ ಯಾಕೆ ಮುಚ್ಚಿಟ್ಟೆ ಮಗಳೇ?"

ನಾನಲ್ಲ, ನನ್ನ ತಮ್ಮ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೇರೆಯವರ ಮುಂದೆ ಅವನನ್ನು ಬಿಟ್ಟುಕೊಟ್ಟು ಅವಳಿಗೆ ಅಭ್ಯಾಸವೇ ಇರಲಿಲ್ಲ. ಅವಳು ತಲೆ ತಗ್ಗಿಸಿ ನಿಂತದ್ದನ್ನು ಅವರು ಒಪ್ಪಿಗೆ ಎಂದೇ ತಿಳಿದರು. ಬಾಗಿಲನ್ನು ಮೆಲ್ಲಗೆ ಹಾಕಿಕೊಂಡರು.

ಮಾರನೆಯ ಬೆಳಿಗ್ಗೆ ಅವಳು ತಮ್ಮನ ಕೆಲಸದ ಜಾಗಕ್ಕೆ ಹೋದಳು. ಅಂಟು ಮತ್ತು ಬೆಸುಗೆಯ ವಾಸನೆ ತುಂಬಿದ ಉದ್ದನೆಯ ಕೋಣೆ. ಅವನು ಚಪ್ಪಲಿ ಅಂಗಡಿಯೊಂದಕ್ಕೆ ಮಾಡಿದ ಬೆಳಕಿನ ಹಲಗೆಯನ್ನು ಮೇಜಿನ ಮೇಲೆ ಮಲಗಿಸಿಕೊಂಡು ಪರೀಕ್ಷೆ ಮಾಡುತ್ತಿದ್ದ. ಅವಳನ್ನು ನೋಡಿ ಎದ್ದು ಕುರ್ಚಿ ಎಳೆದ. ಅವಳು ಕೂರಲಿಲ್ಲ. ನಿನ್ನೆ ಕಲಾಭವನಕ್ಕೆ ಹೋಗಿದ್ದೆ ಎಂದಳು. ಅವನ ಮುಖ ನೋಡಿದರೆ, ಎಂದಾದರೂ ಈ ಮಾತು ಬರುತ್ತದೆ ಎಂದು ಕಾದಿದ್ದವನಂತಿದ್ದ.

ಮೊದಲು ಅವನು ತನ್ನ ಕಡೆಯ ನ್ಯಾಯವನ್ನೆಲ್ಲ ಹೇಳಿದ. ಪರೀಕ್ಷೆಯ ದಿನ ಎಲ್ಲ ನೋಡಿದೆಯಲ್ಲ, ಜನಕ್ಕೆ ಅವರ ಸೊಟ್ಟ ಗೆರೆಗಳನ್ನೇ ತೋರಿಸಿದರೆ ಯಾರು ನಿಲ್ಲುತ್ತಾರೆ, ಕಲಾಭವನದವರು ಕೈಬಿಡುವುದರಲ್ಲಿದ್ದರು. ಅದಕ್ಕೇ ಯಾರು ಹೇಗೆ ಕೈ ಬೀಸಿದರೂ ಅದಕ್ಕೆ ಹತ್ತಿರದ ನಿನ್ನ ಗೆರೆಯೊಂದು ಮೂಡುವ ಹಾಗೆ ಮಾಡಿದೆ. ಈಗ ನೋಡು, ಬಂದವರು ಕಣ್ಣೊರೆಸಿಕೊಂಡು ಹೋಗುತ್ತಾರೆ, ಬೇರೆ ಊರುಗಳಿಂದಲೂ ಕೇಳುತ್ತಿದ್ದಾರೆ. ಅದು ಬೇರೆ ಯಾರದೋ ಗೆರೆ ಅಲ್ಲವಲ್ಲ, ನಿನ್ನದೇ. ನೀನು ಇನ್ನು ವೇದಿಕೆ ಹತ್ತಲಾರೆ ಎಂದು ಡಾಕ್ಟರು ಹೇಳಿದರು, ಈಗ ದಿನಾ ನೂರಾರು ಜನರ ಮೈಯಲ್ಲಿ ನೀನೇ ಕುಣಿಯುತ್ತಿದ್ದೀಯ. ಹೇಳುತ್ತ ಹೇಳುತ್ತ ಅವನ ದನಿ ಏರಿತು. ತಾನು ಹೇಳುತ್ತಿರುವುದನ್ನು ಅವನು ನಿಜಕ್ಕೂ ನಂಬಿದ್ದ.



"ಆವತ್ತು ಕೆಂಪು ದೀಪ ಆರಿತ್ತಲ್ಲ, ಬಲ್ಬು" ಎಂದಳು.

ಅವನು ಮೇಜಿನ ಮೇಲಿನ ಹಲಗೆಯ ಸ್ವಿಚ್ಚನ್ನು ಆರಿಸಿದ. "ದೀಪ ಆರ್ಸೋದು ಬೇರೆ ಅಕ್ಕ. ಕ್ಯಾಮೆರಾ ಆರ್ಸೋದು ಬೇರೆ."

"ಬೇಕೂಂತ ಮಾಡಿದ್ಯಾ?"

"ನೀನು ಬಿದ್ದುಬಿಟ್ರೆ ಅಂತ ಭಯ ಇತ್ತು. ಆಸ್ಪತ್ರೆಯಿಂದ ಬಂದಾಗ ನಿನ್ನ ಮುಖ ಹೇಗಿತ್ತು ಗೊತ್ತಾ? ಒಬ್ಬಳನ್ನೇ ಬಿಡೋಕೆ ಮನಸ್ಸಾಗ್ಲಿಲ್ಲ. ಕೆಳಗೆ ನಿಂತು ಫೋನಲ್ಲಿ ನೋಡ್ತಾ ಇದ್ದೆ."

ಇಷ್ಟು ಕೇಳಿದಾಗ ಅವಳ ಮನಸ್ಸು ಒಂದು ಗಳಿಗೆ ಕರಗಿದ್ದು ನಿಜ. ಭಯಪಟ್ಟು ಕಾವಲು ಕೂತ ತಮ್ಮನನ್ನು ಕ್ಷಮಿಸುವುದು ಅವಳಿಗೆ ಕಷ್ಟವಾಗಿರಲಿಲ್ಲ. ಆದರೆ ಮುಂದಿನ ಪ್ರಶ್ನೆ ತಾನಾಗಿಯೇ ಬಾಯಿಗೆ ಬಂತು.

"ಮತ್ತೆ ನಾನು ಬಿದ್ದೆನಲ್ಲ. ಯಾಕೆ ಬರ್ಲಿಲ್ಲ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ.

"ಓಡಿ ಬಂದೆ. ಮೆಟ್ಟಿಲ ಅರ್ಧಕ್ಕೆ ಬಂದಿದ್ದೆ. ಅಷ್ಟರಲ್ಲಿ ನೀನು ಬಿದ್ದ ಜಾಗದಿಂದಾನೇ ಕೈ ಎತ್ತಿದೆ. ಗೆರೆ ಮುಂದುವರೀತಾ ಇತ್ತು. ನಾನು ಒಳಗೆ ಬಂದಿದ್ರೆ ಅದು ಅಲ್ಲೇ ನಿಂತುಹೋಗ್ತಿತ್ತು. ಅಂಥದ್ದು ನಾನು ಯಾವತ್ತೂ ನೋಡಿರ್ಲಿಲ್ಲ ಅಕ್ಕ. ಅಷ್ಟು ಚೆನ್ನಾಗಿತ್ತು."

ಆಗ ಅವಳು ಕುರ್ಚಿಯ ಮೇಲೆ ಕೂತಳು. ಕೋಣೆಯಲ್ಲಿ ಯಾವುದೋ ಯಂತ್ರದ ಸಣ್ಣ ಫ್ಯಾನು ತಿರುಗುತ್ತಿತ್ತು. ಶಾಲೆಯಲ್ಲಿ ಏಟು ತಿಂದು ಬಂದಾಗ, ಜ್ವರ ಬಂದಾಗ, ಯಾವುದೋ ಊರಿನ ನಿಲ್ದಾಣದಲ್ಲಿ ಕಳೆದುಹೋಗಿ ಸಿಕ್ಕಾಗ ಇವನನ್ನು ಎತ್ತಿಕೊಳ್ಳಲು ತಾನು ಎಂದಾದರೂ ಮೆಟ್ಟಿಲ ಅರ್ಧದಲ್ಲಿ ನಿಂತದ್ದುಂಟೇ ಎಂದು ಯೋಚಿಸಲು ನೋಡಿದಳು. ಲೆಕ್ಕ ಹಾಕುವಂಥ ವಿಷಯ ಅದಲ್ಲ ಎಂದು ಬಿಟ್ಟುಬಿಟ್ಟಳು.

"ಅದನ್ನ ತೆಗೆ" ಎಂದಳು.

ಅವನು, ಇಡೀ ಪ್ರದರ್ಶನ ನಿಂತಿರುವುದೇ ಆ ಗೆರೆಯ ಮೇಲೆ ಎಂದ. ಹಾಗಾದರೆ ನನ್ನ ಹೆಸರನ್ನೂ ತೆಗೆ ಎಂದಳು. ಅವನು ಅಳತೊಡಗಿದ. ಅವಳ ಕೈ ಅಭ್ಯಾಸಬಲದಿಂದ ಅವನ ಮುಖದ ಕಡೆಗೆ ಹೋಯಿತು. ಅರ್ಧ ದಾರಿಯಲ್ಲಿ ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಅವನು ಕನ್ನಡಕವಿಲ್ಲದ ಕಣ್ಣಿನಿಂದ ಅದನ್ನೂ ನೋಡಿದ.

ಅವಳು ಮೇಲ್ವಿಚಾರಕಿಯ ಬಳಿಗೂ ಹೋದಳು. ಆ ಗೆರೆಯನ್ನು ನೀವೇ ಆರಿಸಿ ಕೊಟ್ಟಿದ್ದೀರಿ ಎಂದು ನಿಮ್ಮ ತಮ್ಮ ಹೇಳಿದ್ದರಲ್ಲ ಎಂದು ಅವರು ಬೆಚ್ಚಿದರು. ಇದು ಅವಳಿಗೆ ಗೊತ್ತಿಲ್ಲದ ಇನ್ನೊಂದು ಸುದ್ದಿ. ಮೇಲ್ವಿಚಾರಕಿ ಆ ಗೆರೆಯನ್ನು ತೆಗೆಸುತ್ತೇನೆ ಎಂದು ಮಾತು ಕೊಟ್ಟು, ತೆಗೆಸಿಯೂ ಬಿಟ್ಟರು. ಆದರೆ ಬಂದವರ ಗೆರೆಯನ್ನು ಬಂದವರಿಗೇ ತೋರಿಸಿ ಎಂಬ ಅವಳ ಎರಡನೆಯ ಮಾತಿಗೆ ಒಪ್ಪಲಿಲ್ಲ. ಇದು ನಿಮ್ಮ ಬರಹ ಅಲ್ಲ ಎಂದು ಬಾಗಿಲಲ್ಲಿ ಒಂದು ಸಾಲಾದರೂ ಬರೆಸಿ ಎಂದು ಅವಳು ಕೇಳಿಕೊಂಡಳು. ಅಷ್ಟು ಖುಷಿಯಾಗಿ ಹೋಗುವವರ ಖುಷಿಯನ್ನು ಯಾಕೆ ಕೆಡಿಸಬೇಕು ಎಂದು ಅವರು ಮೃದುವಾಗಿಯೇ ಹೇಳಿದರು. ಅವಳಿಗೆ ಜಗಳವಾಡುವ ತ್ರಾಣವಿರಲಿಲ್ಲ. ಫಲಕದಿಂದ ತನ್ನ ಹೆಸರು ತೆಗೆಸಿ ಮನೆಗೆ ಬಂದಳು.

ತಮ್ಮ ಅವಳ ಬೇರೆ ದಿನಗಳ ಗೆರೆಗಳನ್ನು, ಅವಳು ತಿಳಿದೇ ಬರೆದಿದ್ದವುಗಳನ್ನು, ಅಲ್ಲಿ ಹಾಕಿದ. ಪ್ರದರ್ಶನ ಊರಿಂದೂರಿಗೆ ಹೋಯಿತು. ಪತ್ರಿಕೆಗಳಲ್ಲಿ ಅವನೊಬ್ಬನ ಹೆಸರು ಬಂತು. ಪಕ್ಕದ ಮನೆಯವರು, ಹಳೆಯ ತಂಡದವರು ಫೋನು ಮಾಡಿ, ತಮ್ಮನನ್ನು ನೋಡಿ ಎಷ್ಟು ಹೆಮ್ಮೆಯಾಗುತ್ತಿರಬೇಕು ನಿನಗೆ ಎನ್ನುತ್ತಿದ್ದರು. ಹೌದು ಎಂದು ಹೇಳಿ ಫೋನಿಡುತ್ತಿದ್ದಳು.

ಮಸಿ ಮೇಷ್ಟ್ರ ಬಳಿಗೆ ಹೋಗಲು ಅವಳಿಗೆ ಕೆಲವು ವಾರಗಳೇ ಬೇಕಾದವು. ಅವರು ಬಾಗಿಲು ತೆರೆದು ಪಕ್ಕಕ್ಕೆ ಸರಿದರು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಡಾಕ್ಟರು ಹೇಳಿದ ದಿನ, ಆರಿದ ದೀಪಗಳು, ಮೆಟ್ಟಿಲ ಅರ್ಧ. ಅವರು ಕೊನೆಯವರೆಗೂ ಮಸಿ ತೇಯುತ್ತಲೇ ಇದ್ದರು. ಆವತ್ತು ಬಾಗಿಲಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ತಮ್ಮ ಅಲ್ವಾ ಮೇಷ್ಟ್ರೇ" ಎಂದಳು.

ಅವರು ತೇಯುವುದನ್ನು ನಿಲ್ಲಿಸಿದರು. ಆವತ್ತು ನಿನ್ನನ್ನು ಅನುಮಾನಿಸಿದೆ, ಅಷ್ಟು ವರ್ಷ ನಿನ್ನ ಗೆರೆ ಓದಿದವನು ಹಾಗೆ ಮಾಡಬಾರದಿತ್ತು ಎಂದರು. ಹೀಗೆ ಹೇಳುವುದು ಅವರಿಗೆ ಸುಲಭವಿರಲಿಲ್ಲ. ಒಂದು ಕಾಗದ ಹಾಸಿ, ಒಳ್ಳೆಯ ಕುಂಚವೊಂದನ್ನು ಆರಿಸಿ ಅವಳ ಕಡೆ ಸರಿಸಿದರು.

ಅವಳು ಎದ್ದು ನಿಂತು 'ನೀರು' ಬರೆದಳು. ಗೆರೆ ನೆಟ್ಟಗಿತ್ತು, ತೂಕ ಸರಿಯಿತ್ತು, ಎಲ್ಲೂ ತಪ್ಪಿರಲಿಲ್ಲ. ಮೇಷ್ಟ್ರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಯಾರೋ ನೋಡ್ತಿದ್ದಾರೆ ಅಂತ ಬರೆದಿದ್ದೀಯ" ಎಂದರು.

ಅವರು ಕೋಲು ತೆಗೆದುಕೊಂಡು, ಸ್ವಲ್ಪ ಹೊತ್ತು ಹೊರಗಿರುತ್ತೇನೆ, ನೀನೊಬ್ಬಳೇ ಬರಿ ಎಂದು ಬಾಗಿಲೆಳೆದುಕೊಂಡು ಹೋದರು. ಅವಳು ಕುಂಚ ಅದ್ದಿ ನಿಂತಳು. ಸೂರಿನ ಮೂಲೆಗಳನ್ನು ನೋಡಿದಳು, ಕಿಟಕಿ ನೋಡಿದಳು, ಕಪಾಟಿನ ಮೇಲಿನ ಸಂದುಗಳನ್ನು ನೋಡಿದಳು. ಅಲ್ಲಿ ಏನೂ ಇಲ್ಲ, ಇರಲು ಸಾಧ್ಯವೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ನೋಡಿದಳು. ಕುಂಚದ ತುದಿಯಿಂದ ಮಸಿ ತೊಟ್ಟಿಕ್ಕಿ ಕಾಗದದ ಮೇಲೆ ಹರಡಿತು. ಅವರು ಹಿಂದಿರುಗಿದಾಗ ಅಲ್ಲಿ ಅದೊಂದೇ ಕಲೆ ಇತ್ತು. ಅವರು ಇನ್ನೊಂದು ಕಾಗದ ಹಾಸಿದರು. ನಾಳೆ ಬಾ ಎಂದರು. ಅವಳು ಮಾರನೆಯ ದಿನವೂ ಹೋದಳು, ಅದರ ಮಾರನೆಯ ದಿನವೂ ಹೋದಳು. ಗೆರೆಗಳು ನೆಟ್ಟಗೇ ಬರುತ್ತಿದ್ದವು.

ತಮ್ಮ ಒಂದು ಭಾನುವಾರ ಮಧ್ಯಾಹ್ನ ಮನೆಗೆ ಬಂದ. ಬಾಗಿಲು ತೆರೆಯುವುದೋ ಬೇಡವೋ ಎಂದು ಅವಳು ಒಳಗೆ ನಿಂತೇ ಸ್ವಲ್ಪ ಹೊತ್ತು ಯೋಚಿಸಿದಳು. ತೆರೆದಳು. ಅವನು ಸೊರಗಿದ್ದ. ಒಳಗೆ ಬಾ ಎಂದಳು; ಅವನು ಚಪ್ಪಲಿ ಬಿಡುತ್ತಿದ್ದಾಗ, ಫೋನು ಅಲ್ಲೇ ಹೊರಗಿಟ್ಟು ಬಾ ಎಂದೂ ಹೇಳಿದಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪಾಯಿತು. ಜೇಬಿನಿಂದ ಫೋನು ತೆಗೆದು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಒಳಗೆ ಬಂದ. ಅವಳು ಊಟ ಬಡಿಸಿದಳು. ಅಡುಗೆಮನೆಯ ನಲ್ಲಿ ಸೋರುತ್ತಿದ್ದುದನ್ನು ಅವನು ಸರಿಮಾಡಿದ. ಇಬ್ಬರೂ ನಲ್ಲಿಯ ಬಗ್ಗೆ ಮಾತಾಡಿದರು.

ಆಮೇಲೂ ಅವನು ಆಗಾಗ ಬರುತ್ತಿದ್ದ. ಅವಳು ಹೇಳುವ ಮೊದಲೇ ಫೋನು, ಕೈಗಡಿಯಾರ, ಕಿವಿಗೆ ಹಾಕಿಕೊಳ್ಳುವ ಸಾಧನ ಎಲ್ಲವನ್ನೂ ತೆಗೆದು ಸ್ಟ್ಯಾಂಡಿನ ಮೇಲೆ ಸಾಲಾಗಿ ಇಡುತ್ತಿದ್ದ. ಒಮ್ಮೊಮ್ಮೆ ಊಟದ ನಡುವೆ ಹೊರಗೆ ಫೋನು ಬಡಿದುಕೊಳ್ಳುತ್ತಿತ್ತು. ಅವನು ಏಳುತ್ತಿರಲಿಲ್ಲ. ಹೋಗಿ ತಗೋ ಎಂದು ಅವಳೂ ಹೇಳುತ್ತಿರಲಿಲ್ಲ. ಅದು ತಾನಾಗಿ ನಿಲ್ಲುವವರೆಗೆ ಇಬ್ಬರೂ ತಟ್ಟೆ ನೋಡಿಕೊಂಡು ಕೂತಿರುತ್ತಿದ್ದರು.